ಒಟಿಪಿ ಮಗುವಿನ ಕೈಯಲ್ಲಿ, ಒಪ್ಪಿಗೆ ಯಾರದ್ದು?

ಮಕ್ಕಳ ಮೊಬೈಲ್ ಆಟದ ಬಗ್ಗೆ ಸಭೆಗಳಲ್ಲಿ ಕೇಳಿಬರುವುದು ಎರಡೇ ದೂರು: ಓದು ಹಾಳಾಯಿತು, ಹಣ ಹೋಯಿತು. ಮೂರನೆಯ ನಷ್ಟವೊಂದು ಯಾರ ಲೆಕ್ಕಕ್ಕೂ ಬಂದಿಲ್ಲ. ಆಟವೇನೋ ಉಚಿತ. ಆದರೆ ಮಗು ಎಷ್ಟು ಹೊತ್ತಿಗೆ ಆಡುತ್ತದೆ, ಎಲ್ಲಿ ಸೋಲುತ್ತದೆ, ಯಾವಾಗ ಹಣ ಕೊಡಲು ಮುಂದಾಗುತ್ತದೆ ಎಂಬುದನ್ನೆಲ್ಲ ಕಂಪೆನಿ ದಾಖಲಿಸಿಕೊಳ್ಳಬಲ್ಲದು. 'ಅನುಮತಿ' ಒತ್ತಿಬಿಟ್ಟರೆ ಮನೆಯಿರುವ ಜಾಗ, ನಮ್ಮನ್ನು ನಂಬಿ ನೆಂಟರು ಕೊಟ್ಟ ನಂಬರುಗಳೂ ಅದರ ಪಾಲಾಗಬಹುದು.

2020-21ರಲ್ಲಿ ಆನ್‌ಲೈನ್ ತರಗತಿಗಾಗಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಸೀಮೆ ನಮ್ಮ ಪುತ್ತೂರು, ಸುಳ್ಯ, ಕಡಬ. ಪಾಠಕ್ಕೆಂದು ಬಂದ ಫೋನ್ ಎಷ್ಟೋ ಮನೆಗಳಲ್ಲಿ ಮಗುವಿನ ಕೈಯಲ್ಲೇ ಉಳಿಯಿತು. ತಂದೆ ಕೊಲ್ಲಿಯಲ್ಲಿ, ಸಿಮ್ ತಾಯಿಯ ಹೆಸರಿನಲ್ಲಿ. 2021ರಲ್ಲಿ ಬಂದ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' 18 ವರ್ಷದೊಳಗಿನವರು ಹೆತ್ತವರ ಅಥವಾ ಪೋಷಕರ ಮೊಬೈಲ್ ಸಂಖ್ಯೆ ಕೊಡಬೇಕೆಂದಿತು. ಆ ಸಂಖ್ಯೆಯ ಫೋನೇ ಮಗುವಿನ ಕೈಯಲ್ಲಿದ್ದರೆ ಒಟಿಪಿ ತಲುಪುವುದು ಯಾರಿಗೆ? ಇದನ್ನು ಹೆತ್ತವರ ಒಪ್ಪಿಗೆ ಎನ್ನುವುದು ಆತ್ಮವಂಚನೆ.

ಬಳಕೆದಾರರ ಮಾಹಿತಿ ಕದ್ದುಮುಚ್ಚಿ ವಿದೇಶಿ ಸರ್ವರ್‌ಗಳಿಗೆ ಸಾಗುತ್ತಿದೆಯೆಂಬ ದೂರುಗಳ ಮೇಲೆ 2020ರ ಸೆಪ್ಟೆಂಬರ್ 2ರಂದು ಸರಕಾರ ಪಬ್ಜಿ ಸಹಿತ 118 ಆ್ಯಪ್‌ಗಳನ್ನು ನಿಷೇಧಿಸಿತು. ಸರಿ. ಆದರೆ ಹೊರಗಿನವರು ತೆಗೆದರೆ ಕಳವು, ಒಳಗಿನವರು ತೆಗೆದರೆ ವ್ಯಾಪಾರವೇ?

"ಬಚ್ಚಿಡಲು ನಮ್ಮಲ್ಲೇನಿದೆ?" ಎನ್ನುವವರಿದ್ದಾರೆ. ಅಡಿಕೆ ತೋಟಕ್ಕೆ ಬೇಲಿ ಹಾಕುವವನು ಒಳಗೆ ಕಳ್ಳಮಾಲು ಇದೆಯೆಂದು ಹಾಕುತ್ತಾನೆಯೇ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಹೆತ್ತವರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ತಪ್ಪಿದರೆ ದಂಡ 200 ಕೋಟಿ ರೂ. ವರೆಗೆ. ಆದರೆ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಅದರಲ್ಲೂ ಕಂಪೆನಿಗಳಿಗೆ 18 ತಿಂಗಳ ಕಾಲಾವಕಾಶ! ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿರುತ್ತಾನೆ.

ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಜಮೀನು ಬರೆಸಿಕೊಂಡ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಂಗ್ಲಿಷಿನ ಷರತ್ತುಗಳಡಿಯ 'ಒಪ್ಪುತ್ತೇನೆ' ಗುಂಡಿ ಅದರ ಮುಂದುವರಿಕೆಯೇ. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿ ಓದುವ ಅವಕಾಶವನ್ನು ಅದೇ ಕಾಯ್ದೆ ನೀಡಿದೆ. ಅದನ್ನು ಕೇಳಿ ಪಡೆಯೋಣ. ಶಾಲೆಗಳ ಹೆತ್ತವರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಇದೂ ಚರ್ಚೆಯಾಗಲಿ. ಯಾವ ಆಟಕ್ಕೆ ಯಾವ ಅನುಮತಿ ಕೊಟ್ಟಿದೆಯೆಂದು ತಾಯಂದಿರಿಗೆ ತೋರಿಸಿಕೊಡುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.