ಶ್ರೀನಿಧಿ ಶ್ರೀನಿ ಆದ ಕತೆ

ಪುಣೆಯಲ್ಲಿ ನಾವು ಭಾನುವಾರ ನಡೆಸುವ ಮಕ್ಕಳ ಕನ್ನಡ ತರಗತಿಗೆ ಹಾಜರಿ ಪಟ್ಟಿ ಬೇಕಿತ್ತು. ಎಕ್ಸೆಲ್ ಧಾರಾಳ ಸಾಕಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ, ಟರ್ಮಿನಲ್‌ನಲ್ಲೇ ಓಡುವ ಪುಟ್ಟ ಪ್ರೋಗ್ರಾಮನ್ನು ಎನ್‌ಕರ್ಸಸ್ ಬಳಸಿ ಬರೆದೆ. ಮೊದಲ ವಾರವೇ ಒಬ್ಬಳು ಹುಡುಗಿ ಪರದೆ ನೋಡಿ, "ಅಂಕಲ್, ಇದು ನಾನಲ್ಲ" ಅಂದಳು. ಅವಳ ನಿಜವಾದ ಹೆಸರು ಇಲ್ಲಿ ಬೇಡ, ಶ್ರೀನಿಧಿ ಅಂದುಕೊಳ್ಳಿ. ಮುಂದೆ 'ಕೆ.' ಅಂತ ಇನಿಷಿಯಲ್ ಸೇರಿಸಿದ ಕೂಡಲೇ ಅವಳು 'ಕೆ. ಶ್ರೀನಿ' ಆಗಿಬಿಟ್ಟಿದ್ದಳು!

ತಪ್ಪು ನನ್ನ ಎಣಿಕೆಯದು. ಶ್ರೀನಿಧಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು 8 ಸಂಕೇತ, ಯುಟಿಎಫ್-8 ಕಡತದಲ್ಲಿ 24 ಬೈಟ್. ಟರ್ಮಿನಲ್‌ಗೆ ಇದ್ಯಾವುದೂ ಬೇಡ, ಅದಕ್ಕೆ ಗೊತ್ತಿರುವುದು ಮನೆಗಳು ಮಾತ್ರ. ನನ್ನ ಲಿನಕ್ಸ್‌ನ ಲೆಕ್ಕದಲ್ಲಿ ವಿರಾಮಚಿಹ್ನೆ (್) ಮತ್ತು ಗುಡಿಸು (ಿ) ಸೊನ್ನೆ ಅಗಲದವು, ಹಿಂದಿನ ವ್ಯಂಜನದ ಮನೆಯಲ್ಲೇ ಕೂರುತ್ತವೆ. ದೀರ್ಘದ 'ೀ' ಮಾತ್ರ ತನಗೇ ಒಂದು ಮನೆ ಕೇಳುತ್ತದೆ. ಹಾಗಾಗಿ ಹೆಸರಿಗೆ 5 ಮನೆ. 'ಕೆ', ಚುಕ್ಕಿ, ಖಾಲಿ ಜಾಗ ಸೇರಿ 8. ಕಣ್ಣಳತೆಯಲ್ಲಿ ಆರೇ ಅಂದುಕೊಂಡು ನಾನು ಕೊಟ್ಟಿದ್ದು 7.

ಎನ್‌ಕರ್ಸಸ್‌ನಲ್ಲಿ ಅಕ್ಷರ ತೂರಿಸಿದರೆ ಕರ್ಸರ್‌ನ ಬಲಕ್ಕಿರುವುದೆಲ್ಲ ಸರಿಯುತ್ತದೆ, ಸಾಲಿನ ಕೊನೆಯದು ಬಿದ್ದುಹೋಗುತ್ತದೆ. ಅದಕ್ಕೆ ದೋಷದ ಸಂದೇಶವೂ ಇಲ್ಲ. ನಮ್ಮ 'ಧಿ' ಬಿದ್ದದ್ದು ಹಾಗೆ. ಇನ್ನೊಂದು ಮಾತು: ತೂರಿಸಿದ ಮೇಲೂ ಕರ್ಸರ್ ಇದ್ದಲ್ಲೇ ಇರುತ್ತದೆ. ಒಂದೊಂದೇ ಅಕ್ಷರ ತೂರಿಸುತ್ತಾ ಹೋದರೆ ಹೆಸರು ತಿರುಗುಮುರುಗಾಗುತ್ತದೆ!

ಇದೇ ಊರಿನಲ್ಲಿ 1988ರಲ್ಲಿ ಶುರುವಾದ ಸಿ-ಡ್ಯಾಕ್ ಇಂಥದ್ದೇ ತಲೆನೋವನ್ನು ಜಿಸ್ಟ್ ಕಾರ್ಡ್ ಮೂಲಕ ಬಗೆಹರಿಸಿತ್ತು. ಪಿಸಿಯೊಳಗೆ ಆ ಕಾರ್ಡ್ ಕೂರಿಸಿದರೆ ಇಂಗ್ಲಿಷ್‌ಗೆಂದೇ ಮಾಡಿದ ಡಾಸ್ ಪರದೆಯಲ್ಲಿ ಕನ್ನಡ, ಮರಾಠಿ ಎರಡೂ ಮೂಡುತ್ತಿದ್ದವು. 1991ರಲ್ಲಿ ಮಾನಕವಾದ ಇಸ್ಕಿಯಲ್ಲಿ ನಮ್ಮ 'ಕ'ಕ್ಕೂ ಮರಾಠಿಯ 'ಕ'ಕ್ಕೂ ಒಂದೇ ಸಂಕೇತ. ಇಂದಿನ ಯೂನಿಕೋಡ್‌ನ ಕನ್ನಡ ವಿಭಾಗದ ಜೋಡಣೆಯೂ ಇಸ್ಕಿಯ 1988ರ ರೂಪದಿಂದಲೇ ಬಂದದ್ದು.

ನಾನು ಮಾಡಿಕೊಂಡ ರಿಪೇರಿ ಇಷ್ಟೇ. ಶುರುವಿನಲ್ಲೇ ಸೆಟ್‌ಲೊಕೇಲ್ ಕರೆದು, ವೈಡ್ ಅಕ್ಷರಗಳ ಎನ್‌ಕರ್ಸಸ್‌ಡಬ್ಲ್ಯೂ ಲೈಬ್ರರಿ ಜೋಡಿಸುವುದು. ಹೆಸರನ್ನು ಬಿಡಿಬಿಡಿಯಾಗಿ ತೂರಿಸದೆ ಇಡಿಯಾಗಿ ಕೊಡುವುದು. ಅದಕ್ಕೂ ಮೊದಲು ಡಬ್ಲ್ಯೂಸಿಎಸ್‌ವಿಡ್ತ್ ಫಂಕ್ಷನ್‌ನಿಂದ ಮನೆ ಎಣಿಸಿ, ಜಾಗ ಸಾಲದಿದ್ದರೆ ಕಿಟಕಿಯನ್ನೇ ಅಗಲಿಸುವುದು. ಬೇರೆ ಟರ್ಮಿನಲ್‌ಗಳ ಎಣಿಕೆ ಬೇರೆ ಇರಬಹುದು, ಆದ್ದರಿಂದ ಒಂದೆರಡು ಮನೆ ಹೆಚ್ಚಿಗೇ ಇಡಿ.

ನೀವೂ ಕನ್ನಡದ ಫಾರ್ಮ್, ಆ್ಯಪ್ ಮಾಡುವವರಾದರೆ ಪರೀಕ್ಷೆಗೆ 'ರಮ' 'ಕಮಲ' ಹಾಕಿ ಮುಗಿಸಬೇಡಿ. ಒತ್ತಕ್ಷರ, ದೀರ್ಘ ಎರಡೂ ಇರುವ ಹೆಸರು ಹಾಕಿ ನೋಡಿ. ಊರು ಬಿಟ್ಟು ಬಂದ ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಕಾಣುವ ಜಾಗಗಳೇ ಕಡಿಮೆ. ಅಲ್ಲೂ ಅರ್ಧ ಕಂಡರೆ ಹೇಗೆ?

ಮುಂದಿನ ಭಾನುವಾರ ಶ್ರೀನಿಧಿ ಪರದೆಯ ಮೇಲೆ ಬೆರಳಿಟ್ಟು ತನ್ನ ಹೆಸರು ಪೂರ್ತಿ ಓದಿದಳು. ಆಮೇಲೇ ಹಾಜರಿ ಹೇಳಿದಳು.