ಮನೆ ಅವಳ ಹೆಸರಲ್ಲಿ, ಸಂಕಲ್ಪ ಅವನ ಹೆಸರಲ್ಲಿ

ಪುಣೆಯಲ್ಲಿ ಕನ್ನಡಿಗರ ಗೃಹಪ್ರವೇಶಕ್ಕೆ ಹೋದರೆ ಊರಿಂದ ಬಂದ ಹಿರಿಯರು ಮೊದಲು ಕೇಳುವುದು, 'ಪುರೋಹಿತರು ನಮ್ಮ ಕಡೆಯವರಾ?' ಎಂದು. 'ಇಲ್ಲ, ಇಲ್ಲಿಯವರೇ, ಹೆಂಗಸರು' ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಪುಣೆಗೆ ಇದು ಹಳೆಯ ಸಂಗತಿ. ಶಂಕರರಾವ್ ಥತ್ತೆ ಎಂಬವರು 1970ರ ದಶಕದಲ್ಲೇ ಇಲ್ಲಿನ ಗೃಹಿಣಿಯರಿಗೆ ಪೌರೋಹಿತ್ಯ ಕಲಿಸತೊಡಗಿದರು. ಜ್ಞಾನ ಪ್ರಬೋಧಿನಿ ಸಂಸ್ಥೆ ಜಾತಿ, ಲಿಂಗ ನೋಡದೆ ತರಬೇತಿ ಕೊಡುತ್ತಿದೆ. 2014ರಲ್ಲಿ ಪಂಢರಪುರದ ದೇವಸ್ಥಾನ ಸಮಿತಿ ಅರ್ಚಕರ ಕೆಲಸಕ್ಕೆ ಹೆಂಗಸರಿಂದಲೂ ಅರ್ಜಿ ಕರೆಯಿತು. ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರು ಅರ್ಚಕರಾಗಿದ್ದರು. ಯಾವ ದೇವರೂ ಮುನಿಸಿಕೊಂಡ ವರದಿಯಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಹಳೆಯ ಕೋಡ್ ತೆರೆದಾಗ ಕೆಲವು ಡಿಫಾಲ್ಟ್ ಮೌಲ್ಯಗಳು ಕಾಣುತ್ತವೆ. ಯಾರೋ ಎಂದೋ ಹಾಕಿದ್ದು. ಕಾರಣ ಯಾರಿಗೂ ಗೊತ್ತಿಲ್ಲ, ಮುಟ್ಟಲು ಮಾತ್ರ ಎಲ್ಲರಿಗೂ ಭಯ. ದರ್ಭೆ ಹಿಡಿಯುವ ಕೈ ಗಂಡಿನದೇ ಆಗಿರಬೇಕು ಎಂಬುದೂ ಅಂಥದ್ದೇ ಎಂದು ನನಗನ್ನಿಸುತ್ತದೆ. ಏಕೆಂದರೆ ಭಕ್ತಿಯ ವಿಷಯಕ್ಕೆ ಬಂದರೆ ಗಂಡು ಹೆಣ್ಣಿನ ಗೆರೆಯನ್ನು ಧರ್ಮವೇ ಸಲೀಸಾಗಿ ದಾಟಿದೆ. ವಾರಕರಿಗಳಿಗೆ ವಿಠ್ಠಲ 'ಮಾವುಲಿ', ಅಂದರೆ ತಾಯಿ. ಶರಣಸತಿ ಲಿಂಗಪತಿ ಭಾವದಲ್ಲಿ ಗಡ್ಡ ಮೀಸೆಯ ಶರಣರೂ ಸತಿಯರೇ. ದೇವರು ಹೆಣ್ಣಾಗಬಹುದು, ಭಕ್ತ ಹೆಣ್ಣಾಗಬಹುದು, ಮಂತ್ರ ಹೇಳುವವರು ಮಾತ್ರ ಆಗಬಾರದು!

ಹೆಂಗಸರು ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದೇನೂ ನಾನು ಹೇಳುತ್ತಿಲ್ಲ. ಅವರನ್ನು ಕರೆಸುವವರು ಕೊಡುವ ಕಾರಣ ಕೇಳಿ: 'ತಾಳ್ಮೆಯಿಂದ ಮಾಡ್ತಾರೆ, ಅರ್ಥ ಬಿಡಿಸಿ ಹೇಳ್ತಾರೆ, ದಕ್ಷಿಣೆಗೆ ಚೌಕಾಸಿ ಇಲ್ಲ.' ಹೆಣ್ಣು ಎಂದರೆ ತಾಳ್ಮೆ, ಕೊಟ್ಟಷ್ಟಕ್ಕೆ ತೃಪ್ತಿ ಎಂಬ ಅದೇ ಹಳೆಯ ಅಚ್ಚು ಹೊಗಳಿಕೆಯ ವೇಷದಲ್ಲಿ ಬಂದಿದೆ. ಇನ್ನೊಂದು ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ: 'ವಯಸ್ಸಾದವರು ತಾನೆ?' ಮುಟ್ಟು ನಿಂತವರೋ ಎಂದು ತಿಳಿಯುವ ಉಪಾಯ ಅದು. ಗಂಡು ಪುರೋಹಿತರು ಇಪ್ಪತ್ತೆರಡರ ಹುಡುಗನಾದರೂ ವಯಸ್ಸು ಯಾರಿಗೂ ಬೇಡ.

ನಮ್ಮ ಮನೆಯ ಪೂಜೆಗೂ ಹೆಂಗಸರೇ ಬಂದಿದ್ದರು. ಮೊದಲು ಗೊಣಗಿದ ಅಪ್ಪ, ಉಚ್ಚಾರಣೆ ಕೇಳಿ ತಲೆದೂಗಿದರು. ಊಟವಾದ ಮೇಲೆ, 'ಶ್ರಾದ್ಧಕ್ಕೂ ಇವರೇ ಬರ್ತಾರೇನೋ?' ಎಂದರು. ನಾನು ಉತ್ತರಿಸುವ ಮೊದಲೇ, 'ಬೇಡ ಬಿಡು, ಅದಕ್ಕೆ ಮಠದವರೇ ಇರಲಿ.' ಮಂಗಳಕಾರ್ಯದ ತನಕ ಗೆರೆ ಸರಿದಿದೆ, ಪಿತೃಕಾರ್ಯದ ಬಾಗಿಲಲ್ಲಿ ನಿಂತಿದೆ. ಮಗ ಅಮೆರಿಕದಲ್ಲಿ, ನೋಡಿಕೊಳ್ಳುವ ಮಗಳು ಪಕ್ಕದ ಸೊಸೈಟಿಯಲ್ಲಿ ಇರುವ ನಮ್ಮಂಥ ವಲಸೆ ಕುಟುಂಬಗಳಿಗೆ ಇದು ಬರೀ ತರ್ಕದ ವಿಷಯವಲ್ಲ. ಚಿತೆಯ ಮುಂದೆ ನಿಂತು, ವಿಮಾನ ಇಳಿಯಲಿ ಎಂದು ಕಾಯುವ ವಿಷಯ.

ನನಗೆ ಹೆಚ್ಚು ಕಾಡಿದ್ದು ಸಂಕಲ್ಪ. ಮಹಾರಾಷ್ಟ್ರದಲ್ಲಿ ಮಹಿಳೆಯ ಹೆಸರಲ್ಲೇ ಮನೆ ಕೊಂಡರೆ 2021ರಿಂದ ಮುದ್ರಾಂಕ ಶುಲ್ಕದಲ್ಲಿ ಶೇ 1ರಷ್ಟು ರಿಯಾಯಿತಿ ಇದೆ. ಹಾಗಾಗಿ ನಮ್ಮ ಫ್ಲ್ಯಾಟ್ ಹೆಂಡತಿಯ ಹೆಸರಲ್ಲಿದೆ. ಸಂಕಲ್ಪದಲ್ಲಿ ಮಾತ್ರ ನನ್ನ ಗೋತ್ರ, ನನ್ನ ಹೆಸರು. ಮನೆಯ ಒಡತಿ 'ಸಮೇತ'ದಲ್ಲಿ ಅಡಗಿದ್ದಳು. 'ಯಜಮಾನರ ಕೈ ಮುಟ್ಟಿಕೊಳ್ಳಿ' ಎಂದು ಅವಳಿಗೆ ಹೇಳಿದವರೂ ಆ ಪುರೋಹಿತೆಯೇ. ಮಂತ್ರ ಹೇಳುವ ದನಿ ಬದಲಾಗಿತ್ತು, ಯಜಮಾನನ ಜಾಗ ಬದಲಾಗಿರಲಿಲ್ಲ.

ಮುಂದಿನ ಸತ್ಯನಾರಾಯಣ ಪೂಜೆಗೆ ಅವರನ್ನೇ ಕರೆದಿದ್ದೇವೆ. ಸಂಕಲ್ಪ ಮನೆಯ ಒಡತಿಯ ಹೆಸರಲ್ಲಾಗಲಿ, ಅವಳ ಕೈಯನ್ನು ನಾನು ಮುಟ್ಟಿಕೊಂಡು ಕೂರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮರಾಠಿಯಲ್ಲಿ, 'ಇದುವರೆಗೆ ಯಾರೂ ಕೇಳಿರಲಿಲ್ಲ, ನೋಡೋಣ' ಎಂದರು.