ಪೇಟಿ ನಮ್ಮದಾಯಿತು, ಗಿಟಾರಿನ ಮೇಲೇಕೆ ಸಿಟ್ಟು?

ಶರೀಫಜ್ಜನ ಪದಕ್ಕೆ ಗಿಟಾರು ಕೂಡಿಸಿದರೆ ಎಂ.ಕೆ. ಹುಬ್ಬಳ್ಳಿಯ ಚಹಾ ಅಂಗಡಿಯಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. "ಏನ್ರೀ ಇದು, ಪದಾ ಕೆಡಿಸಿ ಇಟ್ರಲ್ಲಾ!" ಎಂಬ ತಕರಾರು ಬೆಳಗಾವಿ ಬಸ್ಸು ಬರುವತನಕ ನಡೆಯುತ್ತದೆ.

ಇರಲಿ. ಭಜನೆಗೆ, ಸಣ್ಣಾಟಕ್ಕೆ ಬೇಕೇ ಬೇಕು ಎನ್ನುವ ಪೇಟಿ ಯಾವ ಊರಿನದು? 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಅದು! ಕಾಲಲ್ಲಿ ತುಳಿದು ನುಡಿಸುತ್ತಿದ್ದುದನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕೈಯಿಂದ ಗಾಳಿ ಹಾಕುವಂತೆ ಮಾಡಿದರು. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತು. 1971ರಲ್ಲಿ ಷರತ್ತು ಹಾಕಿ ಒಳಗೆ ಬಿಟ್ಟಿತು. ಹಳ್ಳಿಯ ಭಜನಾ ಮೇಳಗಳು ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ.

2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದ ಹಾಡಿದರು. 2010ರಲ್ಲಿ ಬಿಬಿಸಿ ಟೀವಿಯಲ್ಲೂ ಹಾಡಿ ಬಂದರು. ಪದ ಸತ್ತಿತೇ? ಇಲ್ಲ, ಕಾಲೇಜು ಹುಡುಗರ ಬಾಯಿಗೆ ಬಂತು. ಬ್ರಾಹ್ಮಣ ಗುರು ಗೋವಿಂದಭಟ್ಟರು, ಮುಸಲ್ಮಾನ ಶಿಷ್ಯ ಶರೀಫರು. ಆ ಜೋಡಿಯಿಂದ ಹುಟ್ಟಿದ ಪದಕ್ಕೆ ಮಡಿ ಹೇಳುವುದೆಂತು?

ಹಾಡು ಕೆಡುವುದು ಕೂಡಿಸಿದ್ದರಿಂದ ಅಲ್ಲ, ಹಾಡುವವರನ್ನು ಮರೆತಿದ್ದರಿಂದ. ಸವದತ್ತಿ ಗುಡ್ಡದ ಚೌಡಕಿ ಜೋಡಿಯನ್ನು ನೋಡಿ. ಒಬ್ಬರು ಚೌಡಕಿ ಮೀಟಿದರೆ ಇನ್ನೊಬ್ಬರು ಶ್ರುತಿ ಹಿಡಿದು ದನಿಗೂಡಿಸುತ್ತಾರೆ. ಎಲ್ಲಮ್ಮನ ಕತೆ ಪೂರಾ ಬಾಯಿಪಾಠ. ಕೈಗೆ ಬೀಳುವುದು ಸೇರು ಜೋಳ, ನಾಕು ಚಿಲ್ಲರೆ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು, ಸರಿಯಾದ ಕೆಲಸ. ಚೌಡಕಿ ಪದ ಉಳಿಯಲು ಯಾರಿಗೂ ಮುತ್ತು ಕಟ್ಟಬೇಕಿಲ್ಲ. ಕಲಿಸುವವರಿಗೆ ಸಂಬಳ, ಕಲಿಯುವವರಿಗೆ ಮರ್ಯಾದೆ, ಇಷ್ಟಿದ್ದರೆ ಸಾಕು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಗುಡ್ಡದ ಹಾದಿಯ ಜೋಡಿಗೆ ಬಸ್ ಚಾರ್ಜಾದರೂ ಬೇಡವೇ?

1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ಪಕ್ಕದಲ್ಲೇ ಕಿತ್ತೂರು ಉತ್ಸವ ನಡೆಯುತ್ತದೆ. ಅಲ್ಲಿ ಗಿಟಾರಿನ ಮಗ್ಗುಲಲ್ಲಿ ಚೌಡಕಿಯೂ ಕೂಡ್ರಲಿ. ಊಟದ ಹೊತ್ತಿನಲ್ಲಲ್ಲ, ಜನ ತುಂಬಿದ ಹೊತ್ತಿನಲ್ಲಿ. ಪೋಸ್ಟರಿನಲ್ಲಿ ಹಾಡುವವರ ಹೆಸರು ಇರಲಿ, ಸಂಭಾವನೆ ಅವತ್ತೇ ಕೈಗೆ ಸೇರಲಿ.

ಅಂಗಡಿಕಾರರೂ ಗಣಪತಿ ಪಟ್ಟಿ ಕೊಡುವ ಮುಂಚೆ ಒಂದು ಮಾತು ಕೇಳಲಿ: "ಡಿಜೆಗೆ ಎಷ್ಟು ಕೊಡ್ತೀರಿ, ಚೌಡಕಿಗೆ ಎಷ್ಟು?" ಉತ್ತರ ಬಂದ ಮೇಲೆ ಗಲ್ಲೆ ತೆರೆದರಾಯಿತು.